ಮೊಟ್ಟೆ ಇಲ್ಲ, ಹಾಲಿಲ್ಲ: ವಾಫಲ್ ಗರಿಗರಿ ಆಗುವುದು ಹೇಗೆ?

ವಾಫಲ್ ಮಷಿನ್‌ನ ಮುಚ್ಚಳ ಎತ್ತಿದೆ. ಅರ್ಧ ವಾಫಲ್ ಮೇಲಿನ ತಟ್ಟೆಗೆ ಅಂಟಿಕೊಂಡು ಹೋಯಿತು, ಅರ್ಧ ಕೆಳಗೇ ಉಳಿಯಿತು. ನಡುವೆ ಹಸಿ ಹಿಟ್ಟು ಎಳೆ ಎಳೆಯಾಗಿ ಜೋತು ಬಿದ್ದಿತ್ತು. ಪಕ್ಕದಲ್ಲಿ ತಟ್ಟೆ ಹಿಡಿದು ನಿಂತಿದ್ದ ಅಕ್ಕನ ಮಗಳ ಮುಖ ಸಣ್ಣದಾಯಿತು.

ಅವಳು ಮೇ ತಿಂಗಳ ರಜೆಗೆ ಪುಣೆಯಿಂದ ಕಲಬುರಗಿಗೆ ಬಂದಿದ್ದಳು. ಎರಡು ವರ್ಷದಿಂದ ವೀಗನ್. ಹಾಲು, ಮೊಸರು, ತುಪ್ಪ, ಮೊಟ್ಟೆ, ಜೇನುತುಪ್ಪ ಯಾವುದನ್ನೂ ಮುಟ್ಟುವುದಿಲ್ಲ. ಬೆಳಗಿನ ನಾಷ್ಟಾಕ್ಕೆ ನಮ್ಮ ಮನೆಯಲ್ಲಿ ಅವಳಿಗೆ ತೊಂದರೆ ಏನೂ ಆಗಲಿಲ್ಲ. ಚುರುಮುರಿ ಸುಸಲಾ, ಅವಲಕ್ಕಿ, ಎಣ್ಣೆಯಲ್ಲಿ ಮಾಡಿದ ಉಪ್ಪಿಟ್ಟು, ಪಡ್ಡು ಎಲ್ಲವೂ ಮೊದಲಿನಿಂದ ಹಾಲಿಲ್ಲದ ತಿಂಡಿಗಳೇ. ಆದರೆ ನಾಲ್ಕನೇ ದಿನ, "ಚಿಗವ್ವ, ಹಣ್ಣು ಹಾಕಿ ವಾಫಲ್ ಮಾಡೋಣೇನು?" ಅಂತ ಕೇಳಿದಳು. ಎರಡು ಬಿಸಿ ತಟ್ಟೆಗಳ ನಡುವೆ ಹಿಟ್ಟು ಹಾಕಿ, ಚೌಕ ಚೌಕ ಗುಳಿ ಬೀಳುವಂತೆ ಸುಡುವ ತಿಂಡಿ ಅದು. ಮಷಿನ್ ಮನೆಯಲ್ಲೇ ಇತ್ತು. ಬೇಡ ಅನ್ನೋದು ಹೇಗೆ?

ಅವತ್ತು ನಾನು ಮಾಡಿದ್ದು ಇಷ್ಟೇ. ಮೊಟ್ಟೆ, ಹಾಲು ಇರುವ ಒಂದು ಅಳತೆ ತೆಗೆದುಕೊಂಡೆ. ಮೊಟ್ಟೆ ಬಿಟ್ಟೆ, ಹಾಲಿನ ಬದಲು ನೀರು ಸುರಿದೆ, ಮೇಲೆ ಒಂದು ಹಿಡಿ ಪಪ್ಪಾಯ ಹಣ್ಣಿನ ಹೋಳು ಹಾಕಿದೆ. ಹರಿಯದೇ ಇನ್ನೇನಾಗುತ್ತದೆ? ಆಮೇಲೆ ಅವಳ ರಜೆ ಮುಗಿಯುವವರೆಗೂ ಬೆಳಗ್ಗೆ ಇದೇ ಕೆಲಸ. ಒಂದೊಂದು ಸಲ ಒಂದೊಂದು ಬದಲಾಯಿಸಿ ನೋಡಿದೆವು. ಆಗ ಅರ್ಥವಾಯಿತು: ಮೊಟ್ಟೆ ಒಂದೇ ಪದಾರ್ಥ, ಆದರೆ ಹಿಟ್ಟಿನಲ್ಲಿ ಅದು ಮಾಡುವ ಕೆಲಸ ನಾಲ್ಕು. ಅದನ್ನು ಬಿಟ್ಟರೆ ಆ ನಾಲ್ಕು ಕೆಲಸಕ್ಕೂ ಬೇರೆ ಆಳು ಬೇಕು. ಆ ಆಳುಗಳೆಲ್ಲ ನಮ್ಮ ಕಡೆಯ ಅಡುಗೆಮನೆಯ ಡಬ್ಬಗಳಲ್ಲೇ ಸಿಗುತ್ತಾರೆ ಅನ್ನುವುದು ನನಗೆ ತುಂಬ ಖುಷಿ ಕೊಟ್ಟ ಸಂಗತಿ. ಅದಕ್ಕೇ ಇದನ್ನು ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಒಂದು ಗೊಂದಲ ಬಿಡಿಸೋಣ. ಎಗ್‌ಲೆಸ್ ಬೇರೆ, ವೀಗನ್ ಬೇರೆ. ನಮ್ಮಲ್ಲಿ ಶಾಕಾಹಾರ ಅಂದರೆ ಮಾಂಸ, ಮೊಟ್ಟೆ ಇಲ್ಲ, ಹಾಲು ತುಪ್ಪ ಇರಬಹುದು. ವೀಗನ್‌ನಲ್ಲಿ ಪ್ರಾಣಿಯಿಂದ ಬಂದದ್ದು ಏನೂ ಇರಬಾರದು. ಈ ಹೆಸರು ಹುಟ್ಟಿದ್ದು 1944ರಲ್ಲಿ, ಇಂಗ್ಲೆಂಡಿನಲ್ಲಿ. ಡೊನಾಲ್ಡ್ ವಾಟ್ಸನ್ ಮತ್ತು ಕೆಲವರು ಸೇರಿ ವೀಗನ್ ಸೊಸೈಟಿ ಕಟ್ಟಿದ ವರ್ಷ ಅದು. ಅಂಗಡಿಯಲ್ಲಿ ಸಿಗುವ ರೆಡಿ ವಾಫಲ್ ಪುಡಿಯ ಪೊಟ್ಟಣದ ಮೇಲೆ ಹಸಿರು ಚುಕ್ಕೆ ಇದ್ದರೆ ಸಾಲದು. ಹಾಲಿನ ಪುಡಿ ಇದ್ದರೂ ಆ ಚುಕ್ಕೆ ಇರುತ್ತದೆ. 2022ರಲ್ಲಿ ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ವೀಗನ್ ಆಹಾರಕ್ಕೆಂದೇ ಬೇರೆ ನಿಯಮ ತಂದಿತು, ಬೇರೆ ಗುರುತೂ ಕೊಟ್ಟಿತು. ಹಸಿರು ಬಣ್ಣದ ಇಂಗ್ಲಿಷ್ ವಿ ಅಕ್ಷರ, ತಲೆಯ ಮೇಲೊಂದು ಎಲೆ. ಅದು ಕಾಣದಿದ್ದರೆ ಹಿಂದೆ ಬರೆದಿರುವ ಪದಾರ್ಥಗಳ ಸಾಲನ್ನು ಪೂರ್ತಿ ಓದಿ.

ಖಡಕ್ ರೊಟ್ಟಿಯಿಂದ ಶುರು ಮಾಡೋಣ

ವಾಫಲ್ ನಮ್ಮ ತಿಂಡಿ ಅಲ್ಲ, ಯುರೋಪಿನದು. ಎರಡು ಕಬ್ಬಿಣದ ತಟ್ಟೆಗಳ ನಡುವೆ ಹಿಟ್ಟು ಹಾಕಿ, ಉದ್ದ ಹಿಡಿಕೆ ಹಿಡಿದು ಬೆಂಕಿಯ ಮೇಲೆ ಸುಡುತ್ತಿದ್ದರು. 1869ರಲ್ಲಿ ಅಮೆರಿಕದ ಕಾರ್ನೇಲಿಯಸ್ ಸ್ವಾರ್ಟ್‌ಔಟ್ ಎಂಬಾತ ಒಲೆಯ ಮೇಲಿಟ್ಟು ಬಳಸುವ ವಾಫಲ್ ಕಬ್ಬಿಣಕ್ಕೆ ಪೇಟೆಂಟ್ ಪಡೆದ. ಈಗ ಮನೆಗಳಿಗೆ ಬಂದಿರುವುದು ಕರೆಂಟಿನದು.

ಆದರೆ ಅದು ಗರಿಗರಿ ಆಗುವ ಗುಟ್ಟು ನಮ್ಮ ಕಡೆಯವರಿಗೆ ಹೊಸದೇನಲ್ಲ. ಬಿಸಿ ರೊಟ್ಟಿ ಮೆತ್ತಗಿರುತ್ತದೆ. ಅದನ್ನೇ ಒಲೆಯ ಬದಿಗೆ ನಿಲ್ಲಿಸಿ ಒಣಗಿಸಿದರೆ ಖಡಕ್ ಆಗುತ್ತದೆ. ಹಿಟ್ಟು ಅದೇ, ಕೈ ಅದೇ. ಬದಲಾದದ್ದು ಒಂದೇ: ಒಳಗಿದ್ದ ನೀರು ಹೋಯಿತು. ಖಡಕ್ ರೊಟ್ಟಿಯನ್ನು ಮಳೆಗಾಲದಲ್ಲಿ ಹೊರಗೆ ಬಿಟ್ಟರೆ ಮತ್ತೆ ಮೆತ್ತಗಾಗುತ್ತದೆ, ಯಾಕೆಂದರೆ ಗಾಳಿಯಲ್ಲಿನ ನೀರನ್ನು ಎಳೆದುಕೊಂಡಿತು.

ವಾಫಲ್‌ನಲ್ಲೂ ಇದೇ ಲೆಕ್ಕ. ಹೊರಗಿನ ಪದರದಿಂದ ನೀರು ಬೇಗ ಹೋಗಬೇಕು. ಒಳಗಿನ ಪದರದಲ್ಲಿ ಸ್ವಲ್ಪ ಉಳಿಯಬೇಕು. ನೀರು ಇರುವ ತನಕ ಹಿಟ್ಟಿನ ಬಿಸಿ 100 ಡಿಗ್ರಿ ಸೆಲ್ಸಿಯಸ್ ದಾಟುವುದಿಲ್ಲ. ಹೊಂಬಣ್ಣ, ಘಮ ಎರಡೂ ಬರುವುದು ಸುಮಾರು 140 ಡಿಗ್ರಿ ದಾಟಿದ ಮೇಲೆ. ಹಾಗಾಗಿ ಮೊದಲು ಒಣಗಬೇಕು, ಆಮೇಲೆ ಕೆಂಪಗಾಗಬೇಕು. ಆ ಚೌಕ ಚೌಕ ಗುಳಿಗಳು ಇರುವುದು ಬರೀ ಚೆಂದಕ್ಕಲ್ಲ. ದೋಸೆ ಕಾವಲಿಗೆ ತಾಗುವುದು ಒಂದು ಮಗ್ಗುಲಿಗೆ. ವಾಫಲ್ ಎರಡೂ ಮಗ್ಗುಲಿಗೆ ತಾಗುತ್ತದೆ, ಗುಳಿಯ ಗೋಡೆಗಳಿಗೂ ತಾಗುತ್ತದೆ. ಬಿಸಿ ಮುಟ್ಟುವ ಜಾಗ ಜಾಸ್ತಿ, ನೀರು ಹೋಗುವ ದಾರಿಯೂ ಜಾಸ್ತಿ.

ನಾನು ನೀರು ಸುರಿದು, ಪಪ್ಪಾಯ ಹಾಕಿದ್ದೆನಲ್ಲ? ನೀರಿನ ಮೇಲೆ ನೀರು. ಒಣಗುವ ಮೊದಲೇ ಮುಚ್ಚಳ ಎತ್ತಿದೆ.

ಮೊಟ್ಟೆಯ ನಾಲ್ಕು ಕೆಲಸ

ಮೊದಲನೆಯದು, ಹಿಡಿದಿಡುವುದು. ಬಿಸಿ ತಾಗಿದರೆ ಮೊಟ್ಟೆಯ ಪ್ರೋಟೀನ್ ಗಟ್ಟಿಯಾಗಿ ಜಾಲ ಕಟ್ಟುತ್ತದೆ. ಹಿಟ್ಟು ಆ ಜಾಲದಲ್ಲಿ ನಿಲ್ಲುತ್ತದೆ. ಇದಕ್ಕೆ ಬದಲು ಯಾರು ಅಂತ ನಾನು ಫೋನಿನಲ್ಲಿ ಹುಡುಕುತ್ತಾ ಕೂತಿದ್ದೆ. ಅವ್ವ ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. "ಅಗಸಿ ಅದಲ್ಲ ಮನ್ಯಾಗ. ನೀರಾಗ ಹಾಕಿ ನೋಡು, ಹ್ಯಾಂಗ ಲೋಳಿ ಬಿಡ್ತದ" ಅಂದಳು.

ಅಗಸಿ ಹಿಂಡಿಗೆಂದು, ಅಂದರೆ ಚಟ್ನಿಪುಡಿಗೆಂದು, ಗಂಜ್ ಮಾರುಕಟ್ಟೆಯಿಂದ ತಂದ ಅಗಸಿ (ಅಗಸೆ ಬೀಜ) ಯಾವಾಗಲೂ ಮನೆಯಲ್ಲಿ ಇರುತ್ತದೆ. ಹುರಿಯದ ಅಗಸಿಯನ್ನು ಮಿಕ್ಸಿಯ ಸಣ್ಣ ಜಾರಿನಲ್ಲಿ ಪುಡಿ ಮಾಡಿದೆ. 1 ದೊಡ್ಡ ಚಮಚ ಪುಡಿಗೆ 3 ದೊಡ್ಡ ಚಮಚ ನೀರು. ಬಟ್ಟಲಲ್ಲಿ ಕಲಸಿದಾಗ ಬರೀ ಕಂದು ನೀರು, ತಳದಲ್ಲಿ ಪುಡಿ. 10 ನಿಮಿಷ ಬಿಟ್ಟು ಚಮಚ ಎತ್ತಿದರೆ ನೀರು ಕಾಣಲೇ ಇಲ್ಲ. ಚಮಚದ ತುದಿಯಿಂದ ಬಟ್ಟಲಿನವರೆಗೆ ಒಂದು ಎಳೆ ಇಳಿಯಿತು, ಹರಿಯದೆ ಹಾಗೇ ನಿಂತಿತು. ಒಡೆದ ಮೊಟ್ಟೆಯ ಬಿಳಿ ಭಾಗ ಹೀಗೇ ಇಳಿಯುತ್ತದೆ. ಅಗಸಿಯ ಹೊರ ಸಿಪ್ಪೆಯಲ್ಲಿರುವ ಅಂಟು ನೀರು ಹೀರಿ ಉಬ್ಬಿದರೆ ಈ ಲೋಳೆ ಆಗುತ್ತದೆ. ಇಷ್ಟು ಲೋಳೆ ಒಂದು ಮೊಟ್ಟೆಗೆ ಸಮ. ಅಗಸಿಯಲ್ಲಿ ಎಣ್ಣೆ ಜಾಸ್ತಿ, ಪುಡಿ ಮಾಡಿಟ್ಟರೆ ನಮ್ಮ ಬಿಸಿಲಿಗೆ ಬೇಗ ಕಮಟು ಹಿಡಿಯುತ್ತದೆ. ಬೇಕಾದಾಗ ಬೇಕಾದಷ್ಟೇ ಪುಡಿ ಮಾಡಿಕೊಳ್ಳಿ.

ಅಗಸಿಗೆ ಒಂದು ಕೊರತೆ ಇದೆ. ಅದು ಅಂಟುತ್ತದೆ, ಆದರೆ ಮೊಟ್ಟೆಯ ಹಾಗೆ ಬಿಸಿಗೆ ಗಟ್ಟಿಯಾಗಿ ನಿಲ್ಲುವುದಿಲ್ಲ. ಅದಕ್ಕೆ ಕಡಲೆ ಹಿಟ್ಟು 1 ದೊಡ್ಡ ಚಮಚ ಸೇರಿಸಿ. ಕಡಲೆಯಲ್ಲಿ ಪ್ರೋಟೀನ್ ಚೆನ್ನಾಗಿದೆ, ಬಿಸಿಗೆ ಗಟ್ಟಿಯಾಗುತ್ತದೆ. ಜುಣಕ ಮಾಡುವಾಗ ನೀರಾಗಿದ್ದ ಹಿಟ್ಟು ನೋಡನೋಡುತ್ತಿದ್ದಂತೆ ಬಿಗಿಯುತ್ತದಲ್ಲ, ಅದೇ ಗುಣ. ಜಾಸ್ತಿ ಹಾಕಿದರೆ ವಾಫಲ್ ಭಜ್ಜಿಯ ವಾಸನೆ ಹೊಡೆಯುತ್ತದೆ. ಒಂದೇ ಚಮಚ ಸಾಕು.

ಎರಡನೆಯ ಕೆಲಸ, ನೀರು ಮತ್ತು ಎಣ್ಣೆಯನ್ನು ಕೂಡಿಸುವುದು. ಮೊಟ್ಟೆಯ ಹಳದಿ ಭಾಗದಲ್ಲಿ ಲೆಸಿಥಿನ್ ಇರುತ್ತದೆ. ಅದರ ಒಂದು ತುದಿ ನೀರನ್ನು ಹಿಡಿಯುತ್ತದೆ, ಇನ್ನೊಂದು ಎಣ್ಣೆಯನ್ನು. ಹಾಗಾಗಿ ಎಣ್ಣೆ ಮೇಲೆ ತೇಲುವುದಿಲ್ಲ. ಸೋಯಾದಲ್ಲೂ ಲೆಸಿಥಿನ್ ಇದೆ. ಸೋಯಾ ಹಾಲು ಹಾಕದಿದ್ದರೆ ಅಗಸಿಯ ಲೋಳೆಯೇ ಬಹುಪಾಲು ಈ ಕೆಲಸ ಮಾಡುತ್ತದೆ. ಎಣ್ಣೆಯನ್ನು ಆ ಲೋಳೆಯ ಜೊತೆ ಮೊದಲು ಚೆನ್ನಾಗಿ ಕಡೆದು, ಆಮೇಲೆ ಕಾಳಿನ ಹಾಲಿಗೆ, ಅಂದರೆ ಸೋಯಾ, ಶೇಂಗಾದಂಥ ಕಾಳು ರುಬ್ಬಿ ತೆಗೆದ ಹಾಲಿಗೆ ಸೇರಿಸಿ.

ಮೂರನೆಯದು, ಹಗುರ ಮಾಡುವುದು. ಮೊಟ್ಟೆಯ ಬಿಳಿ ಭಾಗ ಕಡೆದರೆ ನೊರೆ ಬರುತ್ತದೆ, ಆ ನೊರೆಯ ಗಾಳಿ ವಾಫಲ್ ಅನ್ನು ಉಬ್ಬಿಸುತ್ತದೆ. ಇದಕ್ಕೆ ಸಿಕ್ಕಿದ ಉತ್ತರ ನನಗೆ ಬಹಳ ಇಷ್ಟ. ತೊಗರಿ ಬೇಳೆ ಬೇಯುವಾಗ ಪಾತ್ರೆಯ ಮೇಲೆ ಬಿಳಿ ನೊರೆ ಏಳುತ್ತದೆ, ನೋಡಿದ್ದೀರಲ್ಲ? 2019ರಲ್ಲಿ ಜಿಐ ಟ್ಯಾಗ್ (ಇಂಥ ಸೀಮೆಯದೇ ಬೆಳೆ ಅನ್ನುವ ಸರ್ಕಾರಿ ಗುರುತು) ಪಡೆದ ನಮ್ಮ ಕಲಬುರಗಿ ತೊಗರಿಯ ಮನೆಗಳಲ್ಲಿ ಅದನ್ನು ನೋಡದವರೇ ಇಲ್ಲ. ಬೇಳೆಕಾಳಿನ ಪ್ರೋಟೀನ್ ಮತ್ತು ಸಪೋನಿನ್ ಎಂಬ ನೊರೆ ಬರಿಸುವ ಅಂಶ ನೀರಿಗೆ ಇಳಿದು ಗಾಳಿಯನ್ನು ಹಿಡಿಯುವುದರಿಂದ ಆ ನೊರೆ. ಕಾಬೂಲಿ ಕಡಲೆ ಬೇಯಿಸಿದ ನೀರಿನಲ್ಲಿ ಈ ಗುಣ ಇನ್ನೂ ಚೆನ್ನಾಗಿದೆ. ಅದನ್ನು ಕಡೆದರೆ ಮೊಟ್ಟೆಯ ಬಿಳಿಯ ಹಾಗೆ ನಿಲ್ಲುತ್ತದೆ ಅಂತ 2014ರಲ್ಲಿ ಜೋಯೆಲ್ ರೋಸೆಲ್ ಎಂಬ ಫ್ರೆಂಚ್ ಸಂಗೀತಗಾರ ಮಾಡಿ ತೋರಿಸಿದ. ಈಗ ಜಗತ್ತಿನ ವೀಗನ್ ಅಡುಗೆಯವರೆಲ್ಲ ಅದನ್ನು ಅಕ್ವಾಫಾಬಾ ಅನ್ನುತ್ತಾರೆ. ನಾವು ಬೇಳೆಯ ಕಟ್ಟನ್ನು ಎಂದೂ ಚೆಲ್ಲಿದವರಲ್ಲ, ಕಟ್ಟಿನ ಸಾರು ಮಾಡುವವರು. ಕಡಲೆಯ ನೀರನ್ನೂ ಇನ್ನು ಚೆಲ್ಲಬೇಡಿ. ಉಪ್ಪು ಹಾಕದೆ ಬೇಯಿಸಿ, ನೀರು ಗಟ್ಟಿ ಇರಬೇಕು, ಪೂರ್ತಿ ತಣ್ಣಗಾಗಬೇಕು. 3 ದೊಡ್ಡ ಚಮಚ ನೀರನ್ನು ಹ್ಯಾಂಡ್ ಬ್ಲೆಂಡರಿನ ಕಡಗೋಲಿನಿಂದ ಐದಾರು ನಿಮಿಷ ಕಡೆದರೆ ಬಟ್ಟಲು ತುಂಬ ನೊರೆ. ಇದು ಇಲ್ಲದಿದ್ದರೂ ವಾಫಲ್ ಆಗುತ್ತದೆ. ಇದ್ದರೆ ಇನ್ನೂ ಹಗುರ.

ನಾಲ್ಕನೆಯದು, ಬಣ್ಣ. ಪ್ರೋಟೀನ್ ಮತ್ತು ಸಕ್ಕರೆ ಬಿಸಿಯಲ್ಲಿ ಸೇರಿದಾಗ ಹೊಂಬಣ್ಣ ಬರುತ್ತದೆ. ಮೊಟ್ಟೆ, ಹಾಲು ಎರಡೂ ಹೋದರೆ ವಾಫಲ್ ಬೆಳ್ಳಗೆ, ಸಪ್ಪೆ ಮುಖ ಮಾಡಿಕೊಂಡಿರುತ್ತದೆ. ಕಡಲೆ ಹಿಟ್ಟು, ಕಾಳಿನ ಹಾಲು, 2 ದೊಡ್ಡ ಚಮಚ ಸಕ್ಕರೆ ಸೇರಿದರೆ ಆ ಕೊರತೆ ತುಂಬುತ್ತದೆ.

ಹಾಲು ಯಾವುದು?

ಸೋಯಾ ಹಾಲು ದೊಡ್ಡ ಅಂಗಡಿಗಳಲ್ಲಿ ಸಿಗುತ್ತದೆ. ಬಾದಾಮಿ ಹಾಲಿಗೆ ದುಡ್ಡು ಜಾಸ್ತಿ. ತೆಂಗಿನ ಹಾಲು ಚೆನ್ನಾಗಿರುತ್ತದೆ, ಆದರೆ ನಮ್ಮದು ತೆಂಗಿನ ಸೀಮೆ ಅಲ್ಲ. ನನ್ನ ಮಾತು ಕೇಳಿದರೆ ಶೇಂಗಾ ಹಾಲು ಮಾಡಿ. ರಾತ್ರಿ 1 ಕಪ್ ಶೇಂಗಾ ನೆನೆಹಾಕಿ. ಬೆಳಗ್ಗೆ ಅಂಗೈಯಲ್ಲಿ ತಿಕ್ಕಿ ಸಿಪ್ಪೆ ತೆಗೆದು, 3 ಕಪ್ ನೀರು ಸ್ವಲ್ಪ ಸ್ವಲ್ಪವೇ ಹಾಕುತ್ತಾ ರುಬ್ಬಿ, ತೆಳು ಬಟ್ಟೆಯಲ್ಲಿ ಹಿಂಡಿ. ಹಸಿ ವಾಸನೆ ಹೋಗಲು ಒಂದು ಕುದಿ ಕೊಡಿ. ಉಳಿದ ಗಸಿಯನ್ನು ಪಲ್ಯಕ್ಕೆ ಹಾಕಬಹುದು. ಶೇಂಗಾ ಅಲರ್ಜಿ ಇರುವವರಿಗೆ ಇದು ಅಪಾಯ, ಮನೆಗೆ ಬಂದವರನ್ನು ಮೊದಲೇ ಕೇಳಿ.

ಇನ್ನೊಂದು ಇದೆ, ಅದನ್ನು ನೆನಪಿಸಿದ್ದೂ ಅವ್ವನೇ. ಕುಸುಬಿ ಹಾಲು. ಹಿಂದೆ ನಮ್ಮ ಕಡೆ ಕುಸುಬಿ ಬೀಜ ನೆನೆಹಾಕಿ, ರುಬ್ಬಿ, ಹಾಲು ತೆಗೆದು ಗೋಧಿ ಹುಗ್ಗಿ ಮಾಡುತ್ತಿದ್ದರು. ವೀಗನ್ ಅನ್ನುವ ಪದ ಕೇಳದ ಕಾಲದಲ್ಲೇ ಗಿಡದ ಹಾಲು ನಮ್ಮ ಒಲೆಯ ಮೇಲಿತ್ತು. ನನ್ನ ಅಕ್ಕನ ಮಗಳಿಗೆ ಇದನ್ನು ಕೇಳಿ ಆದ ಆಶ್ಚರ್ಯ ಅಷ್ಟಿಷ್ಟಲ್ಲ. "ಆಯಿ, ಅಂದ್ರ ನೀನು ಮೊದಲೇ ಮಾಡಿದ್ದೀ!" ಅಂತ ಅವ್ವನ ಕೈ ಹಿಡಿದುಕೊಂಡಳು. ಕುಸುಬಿಯ ಸಿಪ್ಪೆ ಬಹಳ ಗಟ್ಟಿ, ಎರಡು ಸಲ ಸೋಸಬೇಕು. ಹಾಲು ಸ್ವಲ್ಪ ಹಸಿರು ಹಸಿರು ವಾಸನೆ ಬರುತ್ತದೆ, ಏಲಕ್ಕಿ ಹಾಕಿದರೆ ಹೊಂದುತ್ತದೆ. ವಾಫಲ್‌ಗೆ ನಾನು ಶೇಂಗಾವನ್ನೇ ಮೇಲೆ ಇಡುತ್ತೇನೆ, ಆದರೆ ಒಮ್ಮೆಯಾದರೂ ಕುಸುಬಿಯದು ಮಾಡಿ ನೋಡಿ.

ಎಣ್ಣೆಗೂ ಕುಸುಬಿ ಅಥವಾ ಶೇಂಗಾ ಎಣ್ಣೆಯೇ ಸಾಕು. ವಿದೇಶದ ಅಡುಗೆಗಳಲ್ಲಿ ಕೊಬ್ಬರಿ ಎಣ್ಣೆಯನ್ನು ಕರಗಿಸಿ ಹಾಕಿ ಅಂತ ಬರೆದಿರುತ್ತಾರೆ. ಅದು 24 ಡಿಗ್ರಿಯ ಆಸುಪಾಸಿನಲ್ಲಿ ಕರಗುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿಯಲ್ಲಿ ಅದನ್ನು ಕರಗಿಸುವ ಮಾತೇ ಬರುವುದಿಲ್ಲ, ಚಳಿಗಾಲದ ಬೆಳಗು ಬಿಟ್ಟು. ಯಾವುದೇ ಎಣ್ಣೆ ಇರಲಿ, ಕಡಿಮೆ ಮಾಡಬೇಡಿ. ಎಣ್ಣೆ ಕಡಿಮೆಯಾದರೆ ವಾಫಲ್ ಅಂಟುತ್ತದೆ, ರಬ್ಬರಿನಂತೆ ಎಳೆಯುತ್ತದೆ.

ಜೋಳ ಎಲ್ಲಿ ಉಪಯೋಗಕ್ಕೆ ಬರುತ್ತದೆ

ಗೋಧಿ, ಮೈದಾ ಎರಡರಲ್ಲೂ ಗ್ಲೂಟನ್ ಕಟ್ಟುವ ಪ್ರೋಟೀನ್ ಇದೆ. ನೀರು ಹಾಕಿ ಕಲಸಿದಷ್ಟೂ ಜಿಗುಟು ಬರುತ್ತದೆ. ಹೋಳಿಗೆಯ ಕಣಕಕ್ಕೆ ಆ ಜಿಗುಟು ಬೇಕು, ವಾಫಲ್‌ಗೆ ಬೇಡ. ಜೋಳದಲ್ಲಿ ಗ್ಲೂಟನ್ ಇಲ್ಲ. ಅದಕ್ಕೇ ರೊಟ್ಟಿ ಹಿಟ್ಟಿಗೆ ಕುದಿಯುವ ನೀರು ಹಾಕಿ ನಾದುತ್ತೇವೆ, ಇಲ್ಲದಿದ್ದರೆ ತಟ್ಟುವಾಗ ಬಿರಿಯುತ್ತದೆ. ರೊಟ್ಟಿ ತಟ್ಟುವವರಿಗೆ ತಲೆನೋವಾದ ಈ ಗುಣ ವಾಫಲ್‌ಗೆ ವರ. ಮೂರರಲ್ಲಿ ಒಂದು ಪಾಲು ಜೋಳದ ಹಿಟ್ಟು ಹಾಕಿದರೆ ಕಚ್ಚಿದಾಗ ಕರಕರ ಅನ್ನುತ್ತದೆ. ಪೂರ್ತಿ ಜೋಳವೇ ಹಾಕಿದ ದಿನ ವಾಫಲ್ ಎತ್ತುವಾಗ ಪುಡಿಪುಡಿಯಾಯಿತು, ಹಿಡಿದಿಡಲು ಗೋಧಿಯೂ ಬೇಕು. ಜೊತೆಗೆ 2 ದೊಡ್ಡ ಚಮಚ ಕಾರ್ನ್‌ಫ್ಲೋರ್. ಬರೀ ಪಿಷ್ಟ ಅದು, ಒಣಗಿದರೆ ಗಟ್ಟಿ ಪದರ ಕಟ್ಟುತ್ತದೆ.

ಒಣ ಹಿಟ್ಟಿಗೆ ಹಾಲು ಸುರಿದ ಮೇಲೆ ಹತ್ತು ಹದಿನೈದು ಸುತ್ತು ತಿರುಗಿಸಿ, ನಿಲ್ಲಿಸಿ. ಸಣ್ಣ ಸಣ್ಣ ಗಂಟು ಉಳಿದರೆ ಉಳಿಯಲಿ. ಆ ಗಂಟು ಒಡೆಯಲು ಹೋಗಿಯೇ ಎಷ್ಟೋ ಜನ ವಾಫಲ್ ಅನ್ನು ಚಪಾತಿ ಮಾಡಿಬಿಡುತ್ತಾರೆ.

ಇನ್ನು ಸೋಡಾ. ಅಡುಗೆ ಸೋಡಾ ಹುಳಿಯ ಜೊತೆ ಸೇರಿದರೆ ಇಂಗಾಲದ ಡೈಆಕ್ಸೈಡ್ ಗುಳ್ಳೆ ಏಳುತ್ತದೆ. ಹುಳಿ ಸಾಲದಿದ್ದರೆ ಸಾಬೂನಿನ ರುಚಿ ಉಳಿಯುತ್ತದೆ. ಮೊಸರು ಹಾಕುವಂತಿಲ್ಲ, ಹಾಗಾಗಿ ಲಿಂಬೆ. ಅಫಜಲಪುರದ ಆಚೆಗೆ ಇಂಡಿ, ಲಿಂಬೆಗೇ ಹೆಸರಾದ ಊರು. ಕಾಲು ಚಹಾ ಚಮಚ ಸೋಡಾಕ್ಕೆ 1 ದೊಡ್ಡ ಚಮಚ ಲಿಂಬೆ ರಸ ಸರಿಹೋಗುತ್ತದೆ. ರಸವನ್ನು ಕಾಳಿನ ಹಾಲಿಗೆ ಹಿಂಡಿದರೆ ಹಾಲು ಒಡೆದಂತೆ ಕಾಣುತ್ತದೆ, ಹೆದರಬೇಡಿ. ನಮಗೆ ಬೇಕಾದ ಮಜ್ಜಿಗೆ ಅದೇ. ಈ ಗುಳ್ಳೆಗಳು ಹಿಟ್ಟು ಕಲಸಿದ ಕೂಡಲೇ ಏಳಲು ಶುರುವಾಗುತ್ತವೆ, ಇಟ್ಟರೆ ಹಾರಿಹೋಗುತ್ತವೆ. ರಾತ್ರಿಯೇ ಹಿಟ್ಟು ಕಲಸಿಡುವ ಆಸೆ ಬೇಡ. ಸೋಡಾದ ಜೊತೆ ಬೇಕಿಂಗ್ ಪೌಡರ್ ಕೂಡ ಹಾಕುವುದು ಇದಕ್ಕೇ. ಅದರಲ್ಲಿ ಸೋಡಾ, ಹುಳಿ ಎರಡೂ ಒಣಗಿದ ರೂಪದಲ್ಲಿವೆ, ಬಿಸಿ ತಾಗಿದಾಗ ಇನ್ನೊಂದು ಸಲ ಉಬ್ಬಿಸುತ್ತದೆ.

ಹಣ್ಣು: ಒಳಗೋ, ಮೇಲೋ?

ಹಣ್ಣಿನಲ್ಲಿ ಎಲ್ಲರೂ ಎಡವುತ್ತಾರೆ. ಹಣ್ಣು ಅಂದರೆ ಮುಕ್ಕಾಲು ಪಾಲು ನೀರೇ. ನೂರಕ್ಕೆ ಲೆಕ್ಕ ಹಾಕಿದರೆ ಬಾಳೆಹಣ್ಣಿನಲ್ಲಿ ಸುಮಾರು 75 ಭಾಗ, ಪಪ್ಪಾಯದಲ್ಲಿ 88 ಭಾಗ, ಕಲ್ಲಂಗಡಿಯಲ್ಲಿ 91 ಭಾಗ ನೀರು. ಹೋಳು ಮಾಡಿ ಹಿಟ್ಟಿಗೆ ಹಾಕಿದರೆ ಎರಡು ತೊಂದರೆ. ಹೋಳಿನ ಸುತ್ತ ಹಿಟ್ಟು ಬೇಯದೆ ಹಸಿ ಉಳಿಯುತ್ತದೆ. ತಟ್ಟೆಗೆ ತಾಗಿದ ಹೋಳಿನ ಸಕ್ಕರೆ ಕರಗಿ, ಸೀದು, ಅಂಟಿಕೊಳ್ಳುತ್ತದೆ.

ಹಿಟ್ಟಿನ ಒಳಗೆ ಹಾಕಲು ಯೋಗ್ಯ ಹಣ್ಣು ಬಾಳೆ. ಸಿಪ್ಪೆಯ ಮೇಲೆ ಕಪ್ಪು ಚುಕ್ಕೆ ಬಿದ್ದ ಅರ್ಧ ಬಾಳೆಹಣ್ಣನ್ನು ಕಿವುಚಿ ಹಾಕಿ. ನೀರು ಇದ್ದರೂ ಅದು ತಿರುಳಿನಲ್ಲಿ ಹಿಡಿದುಕೊಂಡಿರುತ್ತದೆ, ಜೊತೆಗೆ ಹಿಟ್ಟನ್ನೂ ಹಿಡಿಯುತ್ತದೆ. ಒಂದು ಪೂರ್ತಿ ಹಾಕಿದರೆ ವಾಫಲ್ ಮೆತ್ತಗಾಯಿತು, ಅರ್ಧವೇ ಅಳತೆ. ಖರ್ಜೂರ, ಒಣ ಅಂಜೂರವನ್ನು ಸಣ್ಣಗೆ ಕತ್ತರಿಸಿ ಒಳಗೆ ಹಾಕಬಹುದು, ಅವುಗಳಲ್ಲಿ ನೀರು ಕಡಿಮೆ.

ಪಪ್ಪಾಯ ಮೇಲೇ ಇರಲಿ. ಅದರಲ್ಲಿ, ಹಣ್ಣಾದಾಗ ಕಡಿಮೆಯೇ ಆದರೂ, ಪಪೇನ್ ಅನ್ನುವ ಕಿಣ್ವ ಇದೆ, ಪ್ರೋಟೀನನ್ನು ಒಡೆಯುವುದೇ ಅದರ ಕೆಲಸ. ನಾವು ಕಷ್ಟಪಟ್ಟು ಸೇರಿಸಿದ ಕಡಲೆಯ, ಶೇಂಗಾದ ಪ್ರೋಟೀನನ್ನು ಅದರ ಬಾಯಿಗೆ ಕೊಡುವುದು ಯಾಕೆ?

ಸೀತಾಫಲದ ಕಾಲ ಬಂದಾಗ ಕಣ್ಣಿ ಮಾರ್ಕೆಟಿಗೆ ಹೋದರೆ ಬುಟ್ಟಿ ಬುಟ್ಟಿ ಕಾಣುತ್ತದೆ. ಅದನ್ನು ವಾಫಲ್ ಮೇಲೆ ಹಾಕಿದರೆ ಬೇರೆ ಕೆನೆಯೇ ಬೇಡ. ಆದರೆ ಬಿಸಿ ಮಾಡಬೇಡಿ. ಸೀತಾಫಲದ ತಿರುಳು ಬಿಸಿಗೆ ಕಹಿಯಾಗುತ್ತದೆ. ಬೀಜ ತೆಗೆದು, ತಣ್ಣಗಿರುವುದನ್ನೇ ಚಮಚದಲ್ಲಿ ಇಡಿ, ತಕ್ಷಣ ತಿನ್ನಿ.

ಮೇ ತಿಂಗಳಲ್ಲಿ ನಮಗೆ ಸಿಕ್ಕಿದ್ದು ಮಾವು. ಸೀಕರಣಿ ಮಾಡಿದೆವು, ಹಾಲಿನ ಬದಲು ಗಟ್ಟಿ ಶೇಂಗಾ ಹಾಲು, ಏಲಕ್ಕಿ, ಚೂರು ಬೆಲ್ಲ. ರಸವನ್ನು ಮೊದಲು ಬಾಣಲೆಯಲ್ಲಿ ಐದು ನಿಮಿಷ ಕುದಿಸಿ ನೀರು ಇಂಗಿಸಿದರೆ ಗುಳಿಗಳಲ್ಲಿ ನಿಲ್ಲುತ್ತದೆ, ವಾಫಲ್ ಬೇಗ ನೆನೆಯುವುದಿಲ್ಲ. ಜೇನಿನ ಬದಲು ಬೆಲ್ಲದ ಪಾಕ, ಅಥವಾ ನೆನೆಸಿ ರುಬ್ಬಿದ ಖರ್ಜೂರ. ದಾಳಿಂಬೆ ಕಾಳು ಎಲ್ಲಕ್ಕಿಂತ ಸಲೀಸು. ಒಡೆಯುವ ತನಕ ಒಂದು ಹನಿ ರಸ ಬಿಡುವುದಿಲ್ಲ.

ಅಳತೆ ಮತ್ತು ಕೈಕೆಲಸ

ನಾಲ್ಕೈದು ವಾಫಲ್‌ಗೆ ನಮ್ಮ ಮನೆಯಲ್ಲಿ ನಿಂತ ಅಳತೆ ಇದು. ಗೋಧಿ ಹಿಟ್ಟು ಅಥವಾ ಮೈದಾ ಮುಕ್ಕಾಲು ಕಪ್, ಜೋಳದ ಹಿಟ್ಟು ಅರ್ಧ ಕಪ್ಪಿಗೆ ಸ್ವಲ್ಪ ಕಡಿಮೆ, ಕಾರ್ನ್‌ಫ್ಲೋರ್ 2 ದೊಡ್ಡ ಚಮಚ, ಕಡಲೆ ಹಿಟ್ಟು 1 ದೊಡ್ಡ ಚಮಚ, ಸಕ್ಕರೆ 2 ದೊಡ್ಡ ಚಮಚ, ಬೇಕಿಂಗ್ ಪೌಡರ್ 2 ಚಹಾ ಚಮಚ, ಸೋಡಾ ಕಾಲು ಚಹಾ ಚಮಚ, ಉಪ್ಪು ಕಾಲು ಚಹಾ ಚಮಚ. ಇವನ್ನು ರಾತ್ರಿಯೇ ಒಣದಾಗಿ ಬೆರೆಸಿ ಡಬ್ಬದಲ್ಲಿ ಇಡಬಹುದು. ಬೆಳಗ್ಗೆ 1 ಕಪ್ ಶೇಂಗಾ ಹಾಲು, ಅದಕ್ಕೆ ಲಿಂಬೆ ರಸ 1 ದೊಡ್ಡ ಚಮಚ, ನೆನೆದ ಅಗಸಿ, ಎಣ್ಣೆ 3 ದೊಡ್ಡ ಚಮಚ, ಕಿವುಚಿದ ಅರ್ಧ ಬಾಳೆಹಣ್ಣು. ಕಡಲೆ ನೀರಿನ ನೊರೆ ಇದ್ದರೆ ಕೊನೆಗೆ, ಮೆಲ್ಲಗೆ. ಹಿಟ್ಟು ಇಡ್ಲಿ ಹಿಟ್ಟಿನ ಹದಕ್ಕಿರಲಿ, ದೋಸೆ ಹಿಟ್ಟಿನಷ್ಟು ತೆಳ್ಳಗೆ ಬೇಡ. ಐದು ನಿಮಿಷ ಬಿಟ್ಟರೆ ಜೋಳ ನೀರು ಹೀರುತ್ತದೆ, ಆಗ ಗಟ್ಟಿ ಅನಿಸಿದರೆ ಒಂದೆರಡು ಚಮಚ ಹಾಲು ಸೇರಿಸಿ.

ಮಷಿನ್ ಮಾತ್ರ ಹಿಟ್ಟು ಕಲಸುವ ಮೊದಲೇ ಹಚ್ಚಿರಿ. ಕಾಯ್ದಿದೆ ಅಂತ ದೀಪ ತೋರಿಸಿದ ಮೇಲೂ ಎರಡು ನಿಮಿಷ ಬಿಡಿ. ಮನೆಯ ಮಷಿನ್‌ಗಳು ಸಾಮಾನ್ಯವಾಗಿ 700ರಿಂದ 1,000 ವಾಟ್ ಎಳೆಯುತ್ತವೆ, ಕರೆಂಟ್ ಹೋದಾಗ ಸಣ್ಣ ಇನ್ವರ್ಟರ್ ಮೇಲೆ ನಡೆಸಬೇಡಿ. ಎರಡೂ ತಟ್ಟೆಗೆ ಎಣ್ಣೆ ಸವರಿ, ಹಿಟ್ಟು ಹಾಕಿ, ಮುಚ್ಚಿ.

ಇನ್ನು ಮುಟ್ಟಬೇಡಿ. ಬದಿಗಳಿಂದ ಬುಸುಬುಸು ಹಬೆ ಬರುತ್ತದೆ. ನೀರು ಹಬೆಯಾದಾಗ ಸುಮಾರು 1,600 ಪಟ್ಟು ಹಿಗ್ಗುತ್ತದೆ, ವಾಫಲ್ ಅನ್ನು ಒಳಗಿನಿಂದ ಉಬ್ಬಿಸುವುದರಲ್ಲಿ ಅದರ ಪಾಲೂ ಇದೆ. ಮೊದಲ ಎರಡು ನಿಮಿಷ ಹಬೆ ಜೋರಾಗಿರುತ್ತದೆ, ಆಮೇಲೆ ಇಳಿಯುತ್ತದೆ, ಐದಾರು ನಿಮಿಷಕ್ಕೆ ಹೆಚ್ಚುಕಡಿಮೆ ನಿಲ್ಲುತ್ತದೆ. ಮಷಿನ್ ಮೇಲಿನ ಹಸಿರು ದೀಪ ನಂಬಬೇಡಿ, ಹಬೆಯನ್ನು ನಂಬಿ. ಹಬೆ ನಿಂತ ಮೇಲೆ ಮುಚ್ಚಳವನ್ನು ಸ್ವಲ್ಪವೇ ಎತ್ತಿ ನೋಡಿ. ಎಳೆದರೆ ಬಿಟ್ಟುಬಿಡಿ, ಇನ್ನೊಂದು ನಿಮಿಷ. ಆದ ವಾಫಲ್ ತಾನಾಗಿಯೇ ತಟ್ಟೆ ಬಿಡುತ್ತದೆ. ಮೊಟ್ಟೆ ಇರುವುದಕ್ಕಿಂತ ಇದಕ್ಕೆ ಒಂದೆರಡು ನಿಮಿಷ ಜಾಸ್ತಿ ಬೇಕು.

ಹೊರಗೆ ತೆಗೆದಾಗ ಅದು ಮೆತ್ತಗೇ ಇರುತ್ತದೆ. ಕೆಟ್ಟಿತು ಅಂದುಕೊಳ್ಳಬೇಡಿ. ಶೇಂಗಾ ಚಿಕ್ಕಿಯ ಪಾಕ ಬಿಸಿ ಇರುವಾಗ ಬಾಗುತ್ತದೆ, ಆರಿದ ಮೇಲೆ ಟಕ್ ಅಂತ ಮುರಿಯುತ್ತದೆ. ಇಲ್ಲೂ ಹೊರ ಪದರದ ಸಕ್ಕರೆ, ಪಿಷ್ಟ ಆರಿದ ಮೇಲೇ ಬಿಗಿಯುವುದು. ತಟ್ಟೆಯ ಮೇಲೆ ಇಟ್ಟರೆ ಕೆಳಗಿನ ಹಬೆ ಅಲ್ಲೇ ನೀರಾಗಿ ತಳ ನೆನೆಯುತ್ತದೆ. ಒಂದರ ಮೇಲೊಂದು ಪೇರಿಸಿದರೆ ಇನ್ನೂ ಕೆಟ್ಟದ್ದು. ನಾವು ಹಿಟ್ಟಿನ ಜರಡಿಯನ್ನು ಬೋರಲು ಹಾಕಿ ಅದರ ಮೇಲೆ ಇಟ್ಟೆವು, ಕೆಳಗಿನಿಂದಲೂ ಗಾಳಿ ಆಡುತ್ತದೆ. ಎರಡು ನಿಮಿಷ ಸಾಕು. ಹಣ್ಣು, ಸೀಕರಣಿ ಎಲ್ಲ ತಿನ್ನುವವರ ತಟ್ಟೆಗೆ ಬಂದ ಮೇಲೆ.

ಮಷಿನ್ ಇಲ್ಲದವರು ಇದೇ ಹಿಟ್ಟನ್ನು ಪಡ್ಡಿನ ಹಂಚಿಗೆ ಹಾಕಿ. ಅಷ್ಟು ಗರಿಗರಿ ಬರುವುದಿಲ್ಲ, ಆದರೆ ಒಳಗೆ ಮೆತ್ತಗೆ, ಹೊರಗೆ ಕೆಂಪಗೆ, ಮಕ್ಕಳು ಬಿಡುವುದಿಲ್ಲ. ಉಳಿದ ವಾಫಲ್ ಅನ್ನು ಪೂರ್ತಿ ಆರಿಸಿ ಫ್ರೀಜರಿನಲ್ಲಿ ಇಡಬಹುದು. ತಿನ್ನುವಾಗ ಮೈಕ್ರೊವೇವ್ ಬೇಡ, ಬಿಸಿ ಮಷಿನ್‌ನಲ್ಲೋ ಕಾವಲಿಯ ಮೇಲೋ ಒಣ ಬಿಸಿ ಕೊಡಿ.

ರಜೆಯ ಕೊನೆಯ ಬೆಳಗ್ಗೆ ಅವ್ವ ತಾನೇ ಹಿಟ್ಟಿನ ಬಟ್ಟಲು ಎಳೆದುಕೊಂಡಳು. ಸಕ್ಕರೆ, ಬಾಳೆಹಣ್ಣು ಬಿಟ್ಟಳು. ಸಣ್ಣಗೆ ಹೆಚ್ಚಿದ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಕೊತ್ತಂಬರಿ, ಒಂದು ಚಿಟಿಕೆ ಜೀರಿಗೆ ಹಾಕಿದಳು. ಹಬೆ ನಿಲ್ಲುವ ತನಕ ಮಷಿನ್ ಮುಂದೆ ಕುರ್ಚಿ ಹಾಕಿಕೊಂಡು ಕೂತಳು. ಆಮೇಲೆ ಜರಡಿಯ ಮೇಲಿನ ಒಂದು ಮೂಲೆ ಮುರಿದು, ಶೇಂಗಾ ಹಿಂಡಿ ಹಚ್ಚಿ, ಮೊಮ್ಮಗಳ ಬಾಯಿಗೆ ಇಟ್ಟಳು.